ತಾಳಿಯ ಮೇಲಿನ ಶಿಲುಬೆ

ತಪಸ್ಸುಕಾಲ ಮುಗಿದು ಪಾಸ್ಕಹಬ್ಬ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಯ ಪ್ರಕಟಣೆಗಳು ಶುರುವಾಗುತ್ತವೆ. ಬಲಿಪೂಜೆಯ ಕೊನೆಯಲ್ಲಿ ಹುಡುಗ ಹುಡುಗಿಯ ಹೆಸರು ಓದಿದ್ದೇ ತಡ, ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನೆಂಟರಿಷ್ಟರೆಲ್ಲ ಕೇಳುವ ಮೊದಲ ಮಾತು ಒಂದೇ: "ಹುಡುಗಿಗೆ ಒಡವೆ ಏನೇನು ಮಾಡಿಸಿದ್ದೀರಿ?" ಮರುಮಾತು ಬರುವ ಮುನ್ನವೇ ಎರಡನೆಯ ಪ್ರಶ್ನೆ: "ಎಷ್ಟು ಗ್ರಾಂ?"

ಒಡವೆಯ ತೂಕ ಹೇಳುವ ವಾಡಿಕೆ ಇಂದು ನಿನ್ನೆಯದಲ್ಲ. ಪವಿತ್ರ ಬೈಬಲ್ಲಿನ ಆದಿಕಾಂಡದ 24ನೇ ಅಧ್ಯಾಯದಲ್ಲೇ ಅದು ಬರುತ್ತದೆ. ಇಸಾಕನಿಗೆ ಹೆಣ್ಣು ಹುಡುಕಲು ಹೊರಟ ಅಬ್ರಹಾಮನ ಸೇವಕನು ರೆಬೆಕ್ಕಳಿಗೆ ಅರ್ಧ ಶೆಕೆಲ್ ತೂಕದ ಚಿನ್ನದ ಮೂಗುತಿಯನ್ನೂ ಹತ್ತು ಶೆಕೆಲ್ ತೂಕದ ಎರಡು ಬಳೆಗಳನ್ನೂ ಕೊಟ್ಟನು. ಆದರೆ ಕೊಟ್ಟದ್ದು ಯಾವಾಗ ಎಂಬುದನ್ನು ನಾವು ಗಮನಿಸಬೇಕು. ಬಾಯಾರಿದ ಅಪರಿಚಿತನಿಗೂ ಅವನ ಹತ್ತು ಒಂಟೆಗಳಿಗೂ ಆಕೆ ಬಾವಿಯಿಂದ ನೀರು ಸೇದಿ ಹೊಯ್ದ ಮೇಲೆ ಒಡವೆ ಹೊರಗೆ ಬಂತು. ಮೊದಲು ಗುಣ, ಆಮೇಲೆ ಚಿನ್ನ. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಮದುವೆ ಒಡವೆಯ ಚರಿತ್ರೆಯನ್ನು ನೋಡೋಣ.

ಕಲ್ಲಿನಲ್ಲಿ, ಮನೆಯಲ್ಲಿ

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ ದೇವಾಲಯವಿದೆ. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊಯ್ಸಳರ ಕಾಲದ ಈ ಗೋಡೆಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿನ ಕಲ್ಲಿನ ಹೆಂಗಸರ ಕಿವಿ, ಕೊರಳು, ತೋಳು, ಸೊಂಟ, ಕಾಲು ಯಾವುದೂ ಬರಿದಾಗಿಲ್ಲ. ಎಂಟುನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಅಕ್ಕಸಾಲಿಗರ ಕೈಕೆಲಸ ಎಷ್ಟು ಮೇಲೇರಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಅಜ್ಜಿಯರು ಹೇಳುತ್ತಿದ್ದ ಹೆಸರುಗಳನ್ನು ಇಂದಿನ ಹುಡುಗಿಯರು ಕೇಳಿರಲಿಕ್ಕಿಲ್ಲ. ಕಿವಿಗೆ ಓಲೆ, ಬುಗುಡಿ, ಕೊಪ್ಪು, ಮೂಗಿಗೆ ಮೂಗುಬೊಟ್ಟು, ಕೊರಳಿಗೆ ಅಡ್ಡಿಕೆ, ಕಾಸಿನ ಸರ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಕಾಲಿಗೆ ಬೆಳ್ಳಿ ಕಡಗ, ಕಾಲುಂಗುರ. ಕಾಸಿನ ಸರಕ್ಕೆ ಆ ಹೆಸರು ಬಂದದ್ದೇ ನಾಣ್ಯಗಳನ್ನು ಪೋಣಿಸಿದ್ದರಿಂದ. ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರವ ಹಣವೆಂಬುದು ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಟ್ಟ ಚಿನ್ನದ ನಾಣ್ಯ. ಅಂಥ ಹತ್ತು ಹಣಕ್ಕೆ ಒಂದು ವರಹವೆಂದು ಲೆಕ್ಕ.

ಆಗ ಒಡವೆಗೆ ಅಂಗಡಿಗೆ ಹೋಗುವ ಮಾತಿರಲಿಲ್ಲ. ಊರಿನ ಆಚಾರಿಯ ಕೈಗೆ ಚಿನ್ನ ಕೊಟ್ಟು, ಒರೆಗಲ್ಲಿಗೆ ಉಜ್ಜಿ ನೋಡಿ, ಗುಲಗಂಜಿ ಹಾಕಿ ತೂಗಿ, ಎದುರಿಗೇ ಕೂತು ಮಾಡಿಸುತ್ತಿದ್ದರು. ನಾಗಮಂಗಲ ಲೋಹದ ಕೆಲಸಕ್ಕೆ, ವಿಗ್ರಹದ ಎರಕಕ್ಕೆ ಹೆಸರಾದ ಊರು. ಮಳೆ ನಂಬಿದ ಹೊಲಗಳ ರೈತನಿಗೆ ಹೆಂಡತಿಯ ಕೊರಳ ಚಿನ್ನವೇ ಬ್ಯಾಂಕು. ಮಳೆ ಕೈಕೊಟ್ಟ ವರ್ಷ ಅದು ಅಡವಿಗೆ ಹೋಗುತ್ತಿತ್ತು, ಬೆಳೆ ಬಂದ ವರ್ಷ ಬಿಡಿಸಿಕೊಂಡು ಬರುತ್ತಿತ್ತು. ಆದ್ದರಿಂದ ಒಡವೆಯನ್ನು ಬರೀ ಆಡಂಬರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ರೋಮಿನವರೆಗೆ ಹೋದ ತಾಳಿ

ಈ ಎಲ್ಲ ಒಡವೆಗಳ ನಡುವೆ ಒಂದು ಮಾತ್ರ ಧರ್ಮಸಭೆಯ ದೊಡ್ಡ ಚರ್ಚೆಗೆ ಕಾರಣವಾಯಿತು. ಅದೇ ತಾಳಿ.

ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಅವರು 1649ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಅವರು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದವರು. ಜನರ ನಡೆನುಡಿಯನ್ನು ಬಿಡಿಸದೆ ವಿಶ್ವಾಸವನ್ನು ಕೊಡಬೇಕೆಂಬುದು, ಮದುರೆಯಲ್ಲಿ ರಾಬರ್ಟ್ ದಿ ನೊಬಿಲಿಯವರು ಹಾಕಿದ ಹಾದಿ. ಹಾಗಿರುವಾಗ ಮದುವೆಯ ದಿನ ಕ್ರೈಸ್ತ ಹೆಣ್ಣಿನ ಕೊರಳಿಗೆ ತಾಳಿ ಕಟ್ಟಬಹುದೇ, ಕಟ್ಟಿದರೆ ಎಂಥ ತಾಳಿ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ಜಗದ್ಗುರುಗಳ ಪ್ರತಿನಿಧಿಯಾಗಿ ಚೀನಾ ದೇಶಕ್ಕೆ ಹೊರಟಿದ್ದ ಶಾರ್ಲ್ ದ ತುರ್ನೊನ್ ಅವರು ದಾರಿಯಲ್ಲಿ 1703ರ ನವೆಂಬರಿನಲ್ಲಿ ಪುದುಚೇರಿಗೆ ಬಂದಿಳಿದರು. 1704ರ ಜೂನ್ 23ರ ದಿನಾಂಕದಲ್ಲಿ ಅವರು ಹೊರಡಿಸಿದ ಆಜ್ಞೆ ಮದುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವಂಥದು. ಪಿಳ್ಳೆಯಾರ್ ಅಂದರೆ ಗಣಪತಿಯ ರೂಪವಿದ್ದ ತಾಳಿಯನ್ನು ಕ್ರೈಸ್ತ ಸ್ತ್ರೀಯರು ಧರಿಸಬಾರದು, ಅರಿಶಿನ ಬಣ್ಣದ ನೂರೆಂಟು ಎಳೆಗಳ ದಾರವೂ ಬೇಡ ಎಂದು ಅದರಲ್ಲಿ ವಿಧಿಸಲಾಗಿತ್ತು. ಆದರೆ ತಾಳಿಯನ್ನೇ ಕಿತ್ತುಹಾಕಿ ಎನ್ನಲಿಲ್ಲ. ಮದುವೆಯಾದವಳೆಂಬ ಗುರುತಿಗೆ ಶಿಲುಬೆಯೋ ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನವರ ರೂಪವೋ ಇರುವ ತಾಳಿಯನ್ನು ಧರಿಸಬಹುದೆಂದು ಹೇಳಿತು.

ಅದೇ ಆಜ್ಞೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಇನ್ನೊಂದು ಮಾತಿದೆ. ಆರೇಳು ವರ್ಷದ ಮಕ್ಕಳಿಗೆ, ತಾಯಿತಂದೆ ಒಪ್ಪಿದರೆಂಬ ಮಾತ್ರಕ್ಕೆ, ತಾಳಿ ಕಟ್ಟಿ ಬಿಡಿಸಲಾಗದ ಮದುವೆ ಮಾಡಿಬಿಡುವುದನ್ನು ಅದು ತಡೆಯಿತು. ತಾಳಿಯ ಮೇಲೆ ಏನಿರಬೇಕು ಎಂಬುದರ ಜೊತೆಗೆ, ತಾಳಿಗೆ ಕೊರಳೊಡ್ಡುವವಳು ತಿಳಿದು ಒಪ್ಪಿದ್ದಾಳೆಯೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತ್ತು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಈ ಆಚಾರಗಳು ದೇಶಾಚಾರವೇ ಹೊರತು ಪೂಜೆಯಲ್ಲವೆಂದು ಯೇಸುಸಭೆಯ ಗುರುಗಳು ವಾದಿಸಿದರು. 1734ರಲ್ಲಿ ಹನ್ನೆರಡನೆಯ ಕ್ಲೆಮೆಂಟರೂ 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರೂ ಈ ವಿಷಯದಲ್ಲಿ ತೀರ್ಪು ಕೊಟ್ಟರು. ಆ ವಿಧಿಗಳನ್ನು ಪಾಲಿಸುತ್ತೇವೆಂದು ಮಿಷನರಿಗಳು ಪ್ರಮಾಣ ಮಾಡಬೇಕಾಗಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ. ಕಾವೇರಿ ತೀರದ ಹೆಣ್ಣುಮಕ್ಕಳ ಕೊರಳ ಚೂರು ಚಿನ್ನದ ಮಾತು ರೋಮಿನಲ್ಲಿ ಇಷ್ಟು ಕಾಲ ನಡೆಯಿತು!

ಬರಿಗೊರಳಿನ ಹದಿನೈದು ವರ್ಷ

1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತಂದರು. ಅವರ ಆಸ್ತಿಪಾಸ್ತಿ ಮುಟ್ಟುಗೋಲಾಯಿತು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಸೆರೆವಾಸ ನಡೆಯಿತು. ಅದೇ ಕಾಲದಲ್ಲಿ ಸುಲ್ತಾನನ ಕೈಕೆಳಗೆ ಫ್ರೆಂಚ್ ಸೈನಿಕರೂ ಇದ್ದರು. ಅವರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿತ್ತು. ಅದೇ ಇಂದಿನ ಪಾಂಡವಪುರ.

ಆಸ್ತಿ ಕಳೆದುಕೊಂಡ ಜನರಲ್ಲೂ ಮದುವೆಗಳು ನಿಲ್ಲುವುದಿಲ್ಲ. ಕೊಡಲು ಚಿನ್ನವಿಲ್ಲದಿದ್ದರೂ ಕೊಡಲು ಮಾತು ಇರುತ್ತದೆ. ಬಿಡುಗಡೆಯಾದವರಲ್ಲಿ ಅನೇಕರು ಮತ್ತೆ ಮಂಗಳೂರಿನ ಕಡೆಗೆ ಹೋಗಿ ಬದುಕು ಕಟ್ಟಿಕೊಂಡರು. ಅವರ ವಂಶದ ಹೆಣ್ಣುಮಕ್ಕಳು ಇಂದಿಗೂ ಮದುವೆಯ ಗುರುತಾಗಿ ಕರಿಮಣಿ ಧರಿಸುತ್ತಾರೆ. ಮುಟ್ಟುಗೋಲು ಚಿನ್ನಕ್ಕೆ ಆಯಿತು, ಗುರುತಿಗೆ ಆಗಲಿಲ್ಲ.

1799ರ ತರುವಾಯ ಇಲ್ಲಿ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬ್ವಾ. ಜನ ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರು ಎಂದು ಕರೆದರು. ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಪೇಟ ಸುತ್ತಿ, ಇಲ್ಲಿನವರಂತೆ ಉಟ್ಟು ಉಂಡು, ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದ ಅವರು, ತಾವು ಕಂಡ ಆಚಾರವಿಚಾರಗಳನ್ನೆಲ್ಲ ಬರೆದಿಟ್ಟರು. ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿತು. ಅದರಲ್ಲಿ ಹೆಂಗಸರ ಒಡವೆಗಳ ವಿವರವೂ ತಾಳಿ ಕಟ್ಟುವ ಶಾಸ್ತ್ರದ ವಿವರವೂ ಇವೆ. ನೆರೆದವರೆಲ್ಲ ತಾಳಿಯನ್ನು ಮುಟ್ಟಿ ಹರಸುವುದು, ಗಂಡು ಮೂರು ಗಂಟು ಹಾಕುವುದು, ಎಲ್ಲವನ್ನೂ ಅವರು ದಾಖಲಿಸಿದ್ದಾರೆ. ಹಲವು ಆಚಾರಗಳನ್ನು ಅವರು ಕಟುವಾಗಿಯೂ ಟೀಕಿಸಿದರು. ಆದರೂ ನೋಡದೆ ಟೀಕಿಸಿದವರಲ್ಲ.

ಮಹಾಸಭೆಯ ಮಾತು

1563ರ ತ್ರೆಂತ್ ಮಹಾಸಭೆಯೇ ಮದುವೆಯಲ್ಲಿ ಆಯಾ ನಾಡಿನ ಒಳ್ಳೆಯ ಸಂಪ್ರದಾಯಗಳು ಉಳಿಯಲೆಂದು ಬಯಸಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ತನ್ನ ದಸ್ತಾವೇಜಿನ 77ನೇ ಪರಿಚ್ಛೇದದಲ್ಲಿ ಅದೇ ಆಶಯವನ್ನು ಎತ್ತಿಹಿಡಿಯಿತು. ಅದರ ಫಲವಾಗಿ ಇಂದು ನಮ್ಮ ಪೀಠದ ಮುಂದೆ ಗುರುಗಳು ಉಂಗುರದಂತೆಯೇ ತಾಳಿಯನ್ನೂ ಆಶೀರ್ವದಿಸುತ್ತಾರೆ.

ಮಂಡ್ಯ ಸೀಮೆಯಲ್ಲಿ ಕನ್ನಡ, ತಮಿಳು, ಕೊಂಕಣಿ ಮಾತಾಡುವ ಕುಟುಂಬಗಳ ಜೊತೆಗೆ ಕೇರಳ ಮೂಲದವರೂ ಇದ್ದಾರೆ. 2010ರಲ್ಲಿ ಸೀರೊ-ಮಲಬಾರ್ ಸಭೆಯ ಮಂಡ್ಯ ಧರ್ಮಕ್ಷೇತ್ರವೂ ಸ್ಥಾಪನೆಯಾಯಿತು. ಅವರ ತಾಳಿಗೆ ಮಿನ್ನು ಎಂದು ಹೆಸರು. ಎಲೆಯಾಕಾರದ ಪುಟ್ಟ ಚಿನ್ನದ ಮೇಲೆ ಚಿನ್ನದ ಗುಂಡುಗಳಿಂದಾದ ಶಿಲುಬೆ. ಮದುವೆ ಸೀರೆಯಿಂದ ತೆಗೆದ ಏಳು ಎಳೆಗಳಲ್ಲಿ ಅದನ್ನು ಪೋಣಿಸುತ್ತಾರೆ. ಮದುವೆಯ ಒಡವೆಗಳಲ್ಲೆಲ್ಲ ಅತಿ ಹಗುರವಾದದ್ದೇ ಅತಿ ದೊಡ್ಡದು!

ತೂಕದ ಕಾಲ

ಗುರುತಿನ ಪ್ರಶ್ನೆ ಬಗೆಹರಿದ ಹೊತ್ತಿಗೆ ತೂಕದ ಪ್ರಶ್ನೆ ಬೆಳೆದಿತ್ತು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗಳಿಗೆ ಹರಿಯಿತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು. ಕಬ್ಬಿನ ಹಣ ಬಂದ ಕಡೆ ಮದುವೆಯ ಮಾತುಕತೆಗಳ ಲೆಕ್ಕವೂ ಬದಲಾಯಿತು. ಹೀಗೆ ಏರಿದ ಲೆಕ್ಕವನ್ನು ನಾಲೆ ಮುಟ್ಟದ ಊರಿನ ತಂದೆಯೂ ಸರಿಗಟ್ಟಬೇಕಾದಾಗ ಸಾಲವೊಂದೇ ದಾರಿ.

ಸರ್ಕಾರವೂ ಸುಮ್ಮನಿರಲಿಲ್ಲ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. 1963ರ ಜನವರಿಯ ಚಿನ್ನ ನಿಯಂತ್ರಣ ನಿಯಮಗಳು ಹೊಸ ಒಡವೆಗಳನ್ನು 14 ಕ್ಯಾರೆಟ್ಟಿಗೆ ಸೀಮಿತಗೊಳಿಸಿದವು. ಇದರಿಂದ ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು, ಆದರೆ ಚಿನ್ನದ ಆಸೆ ತಣ್ಣಗಾಗಲಿಲ್ಲ. 1968ರ ಚಿನ್ನ ನಿಯಂತ್ರಣ ಕಾಯಿದೆಯನ್ನು 1990ರಲ್ಲಿ ಹಿಂತೆಗೆದುಕೊಂಡರು. ಕಾನೂನು ಮಾಡಲಾಗದ ಕೆಲಸವನ್ನು ಮನೆಯೇ ಮಾಡಬೇಕಾಗಿದೆ.

ಆಯ್ಕೆ ನಮ್ಮದು

ಹಾಗಾದರೆ ಮದುಮಗಳಿಗೆ ಒಡವೆ ಆರಿಸುವುದು ಹೇಗೆ? ಚರಿತ್ರೆಯಿಂದ ನಾವು ಕಲಿಯಬಹುದಾದ ಕೆಲವು ಮಾತುಗಳಿವೆ.

ಮೊದಲು ತಾಳಿಯನ್ನು ಆರಿಸಿ. ಸರ, ಬಳೆ, ಜುಮುಕಿ ಆಮೇಲೆ. ತಾಳಿಯ ಮೇಲೆ ಶಿಲುಬೆ ಯಾಕೆ ಬಂತೆಂದು ಹುಡುಗ ಹುಡುಗಿಗೆ ತಿಳಿಸಿ ಹೇಳಿ. ಅಂಗಡಿಗೆ ಹುಡುಗಿಯನ್ನು ಕರೆದುಕೊಂಡು ಹೋಗಿ, ಅವಳ ಮಾತು ಕೇಳಿ. ದಿನವೂ ಧರಿಸುವವಳು ಅವಳೇ. ಅಜ್ಜಿಯ ಹಳೆಯ ಸರವಿದ್ದರೆ ಕರಗಿಸಲು ಅವಸರ ಬೇಡ. ಅದರಲ್ಲಿ ಚಿನ್ನದ ಜೊತೆಗೆ ಮನೆಯ ನೆನಪೂ ಇದೆ.

ಕೊಳ್ಳುವಾಗ ಎಚ್ಚರವಿರಲಿ. ಒರೆಗಲ್ಲಿನ ಜಾಗಕ್ಕೆ ಈಗ ಹಾಲ್‌ಮಾರ್ಕ್ ಬಂದಿದೆ. 22 ಕ್ಯಾರೆಟ್ ಒಡವೆಯ ಮೇಲೆ 916 ಎಂಬ ಅಂಕಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಗೆ ಅಂಕಿ ಅಕ್ಷರಗಳ ಆರು ಸ್ಥಾನದ ಗುರುತು ಸಂಖ್ಯೆಯೂ ಬೇಕು. ರಶೀತಿಯನ್ನು ಹುಡುಗಿಯ ಹೆಸರಿನಲ್ಲೇ ಬರೆಸಿ. ಕೇಳದೆ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಹೆಣ್ಣಿನ ಸ್ತ್ರೀಧನ ಅವಳದೇ ಆಸ್ತಿ, ಗಂಡನ ಮನೆಯವರದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೂ ಅದೇ ವರ್ಷ ಸ್ಪಷ್ಟಪಡಿಸಿತು.

ಇನ್ನು ಬೀಗರಾಗುವವರಿಗೆ ಒಂದು ಮಾತು. "ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಹಾಕುವುದು ಹಾಕಿ" ಎಂಬುದೂ ಎಷ್ಟೋ ಸಲ ಕೇಳುವ ಒಂದು ಬಗೆಯೇ. ಬೀಗರೇ ಮುಂದಾಗಿ "ತಾಳಿಯೊಂದು ಸಾಕು" ಎಂದರೆ ಒಬ್ಬ ತಂದೆಯ ಹೊಲ ಉಳಿಯುತ್ತದೆ, ಒಬ್ಬ ತಮ್ಮನ ಓದು ಉಳಿಯುತ್ತದೆ. ಮದುವೆಗೆ ಬರುವ ನಾವು ಕೂಡ ಗ್ರಾಂ ಲೆಕ್ಕ ಕೇಳುವುದನ್ನು ಬಿಟ್ಟರೆ ಅದೂ ಒಂದು ಉಡುಗೊರೆಯೇ.

ಸಂತ ಪೇತ್ರರು ತಮ್ಮ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಹೊರಗಿನ ಚಿನ್ನಕ್ಕಿಂತ ಒಳಗಿನ ಶಾಂತ ಸ್ವಭಾವವೇ ನಿಜವಾದ ಅಲಂಕಾರವೆಂದು ಬೋಧಿಸುತ್ತಾರೆ. ಅದು ಹೆಂಗಸರಿಗೆ ಮಾತ್ರ ಹೇಳಿದ ಬುದ್ಧಿಮಾತಲ್ಲ, ಒಡವೆ ತೂಗುವ ಗಂಡಸರಿಗೂ ಸಲ್ಲುತ್ತದೆ. ಮುನ್ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ತಾಳಿಯ ಮೇಲೆ ಏನಿರಬೇಕೆಂದು ಇಷ್ಟು ಯೋಚಿಸಿದರು. ಕೊನೆಗೆ ಅಲ್ಲಿ ಶಿಲುಬೆಯನ್ನು ಇಟ್ಟರು. ಶಿಲುಬೆಯೆಂದರೆ ತನ್ನನ್ನೇ ಕೊಟ್ಟವನ ಗುರುತು. ಆ ಗುರುತಿನ ಕೆಳಗೆ ನಿಂತು ಇನ್ನೊಬ್ಬರ ಮನೆಯಿಂದ ಎಷ್ಟು ಬಂತೆಂದು ಎಣಿಸುವುದು ನಮಗೆ ಒಪ್ಪುವ ಕೆಲಸವಲ್ಲ. ಈ ಪಾಸ್ಕಕಾಲದಲ್ಲಿ ಮದುವೆಯಾಗುವ ನಮ್ಮ ಮಕ್ಕಳ ಕೊರಳಲ್ಲಿ ತಾಳಿ ಹಗುರವಾಗಿರಲಿ, ಅದರ ಅರ್ಥ ತೂಕದ್ದಾಗಿರಲಿ.