ಮಂದ್ರಸ್ವರದ ಪೆಟ್ಟಿಗೆ: ಗಡಿಗೆಯಿಂದ ಕಾರಿನವರೆಗೆ

ಬಳ್ಳಾರಿಯ ರಸ್ತೆಯಲ್ಲಿ ಗಾಜು ಏರಿಸಿದ ಕಾರೊಂದು ಹಾದುಹೋದಾಗ ಹಾಡಿನ ಮಾತು ಕೇಳಿಸದೆ 'ಧಂ ಧಂ' ಎಂಬುದಷ್ಟೇ ಎದೆಗೆ ತಾಕಿದ್ದನ್ನು ನೀವು ಗಮನಿಸಿರಬಹುದು. ಸಿರುಗುಪ್ಪದ ಕಡೆಯ ಟ್ರ್ಯಾಕ್ಟರುಗಳಲ್ಲೂ ಕುರುಗೋಡಿನ ತೇರಿಗೆ ಬರುವ ವಾಹನಗಳಲ್ಲೂ ಇದೇ ಆಸೆ. ಬೇಸ್ ಸಾಲದೆನಿಸಿದರೆ ಹುಡುಗರು ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳುತ್ತಾರೆ. ಆದರೆ ಕೊರತೆ ಇರುವುದು ಹೆಚ್ಚಾಗಿ ಪೆಟ್ಟಿಗೆಯಲ್ಲಿ. ಈ ಪೆಟ್ಟಿಗೆಗೂ ಒಂದು ಚರಿತ್ರೆ ಇದೆ.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಇಂದಿನ ಮಾದರಿಯ ಸುರುಳಿ-ಶಂಕು ಧ್ವನಿವರ್ಧಕವನ್ನು ವಿವರಿಸಿದರು. ಶಂಕು ಮುಂದಕ್ಕೆ ಚಲಿಸಿದಾಗ ಅದರ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ವಿರಳವಾಗುತ್ತದೆ. 40 ಹರ್ಟ್ಸ್ ಶಬ್ದದ ತರಂಗದೂರ ಸುಮಾರು 8.6 ಮೀಟರ್. ಇಷ್ಟು ಉದ್ದದ ಅಲೆಗೆ 30 ಸೆಂ.ಮೀ. ಶಂಕು ಅಡ್ಡಿಯೇ ಅಲ್ಲ. ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಹಾಗಾದರೆ ಹಿಂದಿನ ಅಲೆಯನ್ನು ಏನು ಮಾಡಬೇಕು?

ಕೂಡಿಹಾಕುವುದು ಒಂದು ಉಪಾಯ. ಹಿಂದೆ ಹಳ್ಳಿಗಳಲ್ಲಿ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರ್ ಕೂಡಿಸುತ್ತಿದ್ದುದುಂಟು. ನಗುವವರು ನಗಲಿ, ನನ್ನ ಮಟ್ಟಿಗೆ ಅದು ಅಪ್ಪಟ ಭೌತವಿಜ್ಞಾನ. ಗುಂಡನೆಯ ಗೋಡೆ ಹಲಗೆಯಂತೆ ಅದುರದು. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಪುಟ್ಟ ಪೆಟ್ಟಿಗೆಯ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಾಗಿ ದುಡಿಸಿಕೊಂಡರು.

ಇನ್ನೊಂದು ಉಪಾಯ ಹೆಚ್ಚು ಜಾಣತನದ್ದು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯಲ್ಲಿ ಹಿಂದಿನ ಅಲೆಗೂ ಕೆಲಸವಿತ್ತು. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ ನೋಡಿ. ಕತ್ತಿನ ಗಾಳಿ ದ್ರವ್ಯರಾಶಿಯಂತೆ, ಒಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಒಂದೇ ಸ್ವರ ಹೊರಡುತ್ತದೆ. 19ನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಅಭ್ಯಸಿಸಿದ ಅನುರಣನೆ ಇದು. 40 ಲೀಟರಿನ ಪೆಟ್ಟಿಗೆಗೆ 7.5 ಸೆಂ.ಮೀ. ಒಳವ್ಯಾಸದ, 22 ಸೆಂ.ಮೀ. ಉದ್ದದ ಕೊಳವೆ ಇಟ್ಟರೆ ಅದರ ಆವೃತ್ತಿ ಸುಮಾರು 35 ಹರ್ಟ್ಸ್. ಆ ಸ್ವರದಲ್ಲಿ ಶಂಕು ಬಹುಮಟ್ಟಿಗೆ ಸುಮ್ಮನಿರುತ್ತದೆ, ಕೊಳವೆಯೇ ಹಾಡುತ್ತದೆ! (ಬಳ್ಳಾರಿಯ 40 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಹೆಚ್ಚಿ ಆವೃತ್ತಿ ಸುಮಾರು 1 ಹರ್ಟ್ಸ್ ಏರುತ್ತದೆ, ಅದಕ್ಕಾಗಿ ಗರಗಸ ಹಿಡಿಯಬೇಕಿಲ್ಲ.)

ಆದರೂ ಬಹುಕಾಲ ಪೆಟ್ಟಿಗೆಯ ಅಳತೆ ಅಂದಾಜಿನದೇ ಆಗಿತ್ತು. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಅದನ್ನು ಲೆಕ್ಕಕ್ಕೆ ಒಳಪಡಿಸಿದರು. 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣವಾಗುವವರೆಗೆ ಆ ಲೇಖನ ಹೊರಜಗತ್ತಿನ ಗಮನಕ್ಕೆ ಬಂದದ್ದು ಕಡಿಮೆ. ಬಳಿಕ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಸ್ಪೀಕರಿನೊಡನೆ ಬರುವ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಅಂಕಿಗಳಿದ್ದರೆ ಎಸೆಯಬೇಡಿ. ಪೆಟ್ಟಿಗೆಯ ಗಾತ್ರವನ್ನು ಹೇಳುವುದು ಅವೇ.

ಗಾಜು ಏರಿಸಿದ ಕಾರಿನ ಒಳಗು ಈ ಅಲೆಗಳಿಗಿಂತ ತೀರ ಚಿಕ್ಕದು. ಅಲ್ಲಿ ಶಂಕು ಇಡೀ ಕೋಣೆಯ ಒತ್ತಡವನ್ನೇ ಏರಿಳಿಸುವುದರಿಂದ ತಗ್ಗು ಸ್ವರಗಳಿಗೆ ತಾನಾಗಿ ಬಲ ಬರುತ್ತದೆ. ಸಂದು ಬಿಗಿಯಾಗಿರುವ ಮುಚ್ಚಿದ ಪೆಟ್ಟಿಗೆಯೇ ಹಲವು ಕಾರುಗಳಿಗೆ ಸಾಕು. ತೆರೆದ ಟ್ರ್ಯಾಕ್ಟರಿಗೆ ಈ ಲಾಭವಿಲ್ಲ. ಅದಕ್ಕೆ ಕೊಳವೆಯ ಪೆಟ್ಟಿಗೆ ಲೇಸು. ಆದರೆ ಕೊಳವೆಯ ಆವೃತ್ತಿಗಿಂತ ಕೆಳಗಿನ ಸ್ವರಗಳಲ್ಲಿ ಒಳಗಿನ ಗಾಳಿ ಶಂಕುವಿಗೆ ಆಸರೆ ಕೊಡದು. ಅಲ್ಲಿ ಆಂಪ್ಲಿಫೈಯರ್ ಹೆಚ್ಚಿಸಿದರೆ ಬೇಸ್ ಬರುವುದಿಲ್ಲ, ಶಂಕು ಮಿತಿಮೀರಿ ಜಿಗಿದು ಸುರುಳಿ ಹಾಳಾಗುತ್ತದೆ.