ತೆನೆಯ ಜೊತೆ ಬಂದ ಮೊಂತಿ ಹಬ್ಬ

ಸೆಪ್ಟೆಂಬರ್ 8ರಂದು ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕೆಥೊಲಿಕರ ಮನೆಗಳಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ಬಾಳೆಲೆಯ ಮೇಲೆ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು. ಊಟಕ್ಕೆ ಮೊದಲು ಮನೆಯ ಹಿರಿಯರು ಚರ್ಚಿನಿಂದ ತಂದ ಭತ್ತದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಇದಕ್ಕೆ ಕೊಂಕಣಿಯಲ್ಲಿ ‘ನೊವೆಂ’ ಎಂದು ಹೆಸರು, ಹೊಸತು ಎಂದರ್ಥ. ಹಬ್ಬ ‘ಮೊಂತಿ ಫೆಸ್ತ್’, ಕನ್ನಡದಲ್ಲಿ ತೆನೆ ಹಬ್ಬ.

ಚರ್ಚಿನ ಪಂಚಾಂಗದಲ್ಲಿ ಇದು ಯೇಸುವಿನ ತಾಯಿ ಮೇರಿಯ ಜನ್ಮದಿನ. ಆಕೆ ಹುಟ್ಟಿದ ದಿನ ಯಾವುದೆಂದು ಬೈಬಲ್ ಹೇಳುವುದಿಲ್ಲ. ಪೂರ್ವದೇಶಗಳ ಚರ್ಚುಗಳ ಆಚರಣೆ ರೋಮ್‌ಗೆ ಹೋಗಿ, ಅಲ್ಲಿಂದ ಎಲ್ಲೆಡೆ ಹರಡಿತು. ಭತ್ತಕ್ಕೂ ಅದಕ್ಕೂ ಗಂಟು ಹಾಕಿದ್ದು ನಮ್ಮ ಕಡೆಯ ಮಳೆ. ಮುಂಗಾರಿಗೆ ಹಾಕಿದ ಏಣೆಲು ಬೆಳೆ ತೆನೆಗಟ್ಟುವುದು ಸರಿಸುಮಾರು ಇದೇ ಹೊತ್ತಿಗೆ.

ಇವರ ಪೂರ್ವಜರಲ್ಲಿ ಹೆಚ್ಚಿನವರು 16ರಿಂದ 18ನೇ ಶತಮಾನದ ನಡುವೆ ಗೋವೆಯಿಂದ ಬಂದವರು. ಯುದ್ಧ, ಬರ, ತೆರಿಗೆಯ ಜೊತೆಗೆ 1560ರಲ್ಲಿ ಅಲ್ಲಿ ಆರಂಭವಾದ ‘ಇನ್‌ಕ್ವಿಸಿಷನ್’ ಎಂಬ ಧರ್ಮವಿಚಾರಣೆಯ ಭಯವೂ ಕಾರಣ. ಅದು 1736ರಲ್ಲಿ ಹೊರಡಿಸಿದ ಆಜ್ಞೆ ಓದಿದರೆ ಇಂದು ಅಚ್ಚರಿಯಾಗುತ್ತದೆ. ಕ್ರೈಸ್ತರು ಮನೆಯಲ್ಲಿ ತುಳಸಿ ನೆಡಕೂಡದು, ಗಂಡಸರು ಧೋತರ ಉಡಕೂಡದು, ಉಪ್ಪು ಹಾಕದೆ ಅನ್ನ ಬೇಯಿಸಕೂಡದು! ಅನ್ನದ ಉಪ್ಪನ್ನೂ ಬಿಡದೆ ವಿಚಾರಿಸಿದ ಕಾಲದಲ್ಲಿ ಹೊಸ ಅಕ್ಕಿಯ ಆಚರಣೆ ಉಳಿದದ್ದು ಹೇಗೆ?

ತೆನೆ ಬಲಿಪೀಠದ ಮುಂದೆ ಬಂದದ್ದರಿಂದ ಎನ್ನಬಹುದು. ಪಾದ್ರಿಗಳಿಗೆ ಆಧಾರವೂ ಇತ್ತು. ಮೊದಲ ಸಿವುಡನ್ನು ದೇವರಿಗೆ ಒಪ್ಪಿಸುವ ತನಕ ಹೊಸ ಧಾನ್ಯ ತಿನ್ನಬಾರದೆಂಬ ನಿಯಮ ಬೈಬಲ್ಲಿನ ಯಾಜಕಕಾಂಡದಲ್ಲೇ ಇದೆ. ರೈತನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೇರಿಯನ್ನು ಹೊಲಕ್ಕೂ ಯೇಸುವನ್ನು ಅದರ ಫಲಕ್ಕೂ ಹೋಲಿಸುವ ಪ್ರವಚನ ಗದ್ದೆಯಲ್ಲಿ ದುಡಿದವನಿಗೆ ಬೇಗ ಅರ್ಥವಾಗುವಂಥದ್ದು.

ಮಂಗಳೂರು ಸಮೀಪದ ಫರಂಗಿಪೇಟೆಯಲ್ಲಿ ಗುಡ್ಡದ ಮೇಲೆ ‘ಮೊಂತೆ ಮರಿಯಾನೊ’ ಚರ್ಚಿದೆ. ಪೋರ್ಚುಗೀಸಿನಲ್ಲಿ ಮೊಂತೆ ಎಂದರೆ ಗುಡ್ಡ. ಗೋವೆಯ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಇಲ್ಲಿ ಈ ಹಬ್ಬ ಆರಂಭಿಸಿದರೆಂಬುದು ಸಮುದಾಯದ ನಂಬಿಕೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಅವನ ಪತನದ ನಂತರ ಬದುಕುಳಿದವರು ಮರಳಿದಾಗ ಅನೇಕರ ಗದ್ದೆ ಬೇರೆಯವರ ಕೈಯಲ್ಲಿತ್ತು. ಮತ್ತೆ ಹೊಲ ಹಸನು ಮಾಡಿ ತೆನೆ ಕಂಡವರಿಗೆ ಆ ನೊವೆಂ ಹೇಗೆ ರುಚಿಸಿರಬೇಕು!

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮೇರಿಯ ಮೂರ್ತಿಗೆ ಅರ್ಪಿಸುತ್ತಾರೆ. ಹಿಂದೆ ಅವೆಲ್ಲ ಬೇಲಿ ಬದಿಯ, ಹಿತ್ತಲಿನ ಹೂಗಳು. ಈಗ ಅಂಗಡಿಯವೂ ಸೇರಿವೆ. ಗದ್ದೆ ಹೋಗಿ ಅಡಿಕೆ ತೋಟ, ಕಟ್ಟಡ ಬಂದ ಊರುಗಳಲ್ಲಿ ತೆನೆಗೆ ಬೇರೆ ಊರಿನ ರೈತರನ್ನು ಹುಡುಕಬೇಕು. ಹಂಚಿಕೆಯ ಲೆಕ್ಕ ಮಾತ್ರ ಬದಲಾಗಿಲ್ಲ. ಊರಲ್ಲಿಲ್ಲದವರಿಗೂ ಪಾಲುಂಟು. ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದ ಮಕ್ಕಳಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುವುದು ಅನೇಕ ಮನೆಗಳ ರೂಢಿ.