ಕೇಪಿನಿಂದ ಬಂದ ಗಿಡ

ದೇವನಹಳ್ಳಿಯ ಜಗಲಿಯ ಕುಂಡದಲ್ಲಿ ಕೆಂಪಗೆ ಅರಳುವ ಜಿರೇನಿಯಂ ಗಿಡದ ತೌರು ಆಫ್ರಿಕದ ದಕ್ಷಿಣ ತುದಿ, ಕೇಪ್ ಸೀಮೆ. ಆ ಊರಲ್ಲೇ ಹುಟ್ಟಿದ ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಅರಸುತೋಟಗಳನ್ನು ನೋಡಿದ ಬುಕನನ್ನನು, ಕೇಪಿನಿಂದ ಬಂದ ಪೈನ್, ಓಕ್ ಸಸಿಗಳು ಚೆನ್ನಾಗಿರುವುವೆಂದು ಬರೆದಿಟ್ಟನು. ಓಕ್ ಮರವನ್ನು ಯಾವ ಮನೆಯವರೂ ಕೇಳಲಿಲ್ಲ; ಜಗಲಿ ಹತ್ತಿದ್ದು ಈ ಕುಂಡದ ಗಿಡ. 1789ರಲ್ಲೇ ಪಂಡಿತರು ಇದನ್ನು ಪೆಲಾರ್ಗೋನಿಯಂ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಜನ ಹಳೆಯ ಹೆಸರನ್ನು ಬಿಡಲಿಲ್ಲ.

ಬಿಸಿಲಿಗಿಂತ ಮಳೆಯೇ ಇದರ ಶತ್ರು. ನೀರು ನಿಂತರೆ ದಂಟು ಬುಡದಿಂದ ಕಪ್ಪಾಗಿ ಕೊಳೆಯುತ್ತದೆ. ಕೆಮ್ಮಣ್ಣಿಗೆ ಮರಳು ಬೆರೆಸಿರಿ. ಮುಂಗಾರಿನಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಿರಿ. ಮಳೆಗೆ ಮೊದಲೇ ನಾಲ್ಕಂಗುಲದ ತುಂಡೊಂದನ್ನು ಕತ್ತರಿಸಿ, ಒಂದು ದಿನ ನೆರಳಲ್ಲಿ ಆರಿಸಿ, ಬೇರೆ ಕುಂಡದಲ್ಲಿ ನೆಡಿರಿ. ತಾಯಿಗಿಡ ಸತ್ತರೂ ಅದು ಉಳಿದೀತು.